ಫ್ಯಾನ್ ತಿರುಗದ ಕಾರ್ಡ್

ಕಂಪ್ಯೂಟರ್ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಹೋಗುತ್ತಾರೆ. ನನ್ನ ಮಾವ, ಅಂದರೆ ಅಮ್ಮನ ತಮ್ಮ, ಮೊಳದುದ್ದದ ಕಬ್ಬಿಣದ ಸರಳು ಹಿಡಿದುಕೊಂಡು ಹೊರಟ. ಮೂವತ್ತೊಂದು ವರ್ಷ ಬಸ್ ಓಡಿಸಿದವನು. ದಿನಾ ಬೆಳಿಗ್ಗೆ ಬಸ್ಸಿಗೆ ಒಂದು ಸುತ್ತು ಹಾಕಿ, ಒಂದೊಂದು ಟೈರಿಗೂ ಆ ಸರಳಿನಿಂದ ಕುಟ್ಟಿ, ಸದ್ದು ಕೇಳಿ, ಆಮೇಲೆಯೇ ಸೀಟು ಹತ್ತುತ್ತಿದ್ದ. ಕಂಪ್ಯೂಟರಿಗೆ ಟೈರ್ ಇರುವುದಿಲ್ಲ ಎಂದೆ. ಹಾಗಾದರೆ ಏನಿರುತ್ತೆ ಎಂದು ಕೇಳಿದ. ಅಂಗಡಿ ತಲುಪುವವರೆಗೂ ಅದೇ ಆಯಿತು, ಒಂದು ಉತ್ತರಕ್ಕೆ ಎರಡು ಮರುಪ್ರಶ್ನೆ. ಡಿಪೋದ ಮೆಕ್ಯಾನಿಕ್ಕುಗಳು ಇವನಿಗೆ ‘ಯಾಕಪ್ಪ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗೇರ್ ಬಾಕ್ಸ್ ಬಿಚ್ಚಿ ಕೂತವರ ತಲೆ ಮೇಲೆ ನಿಂತು ಯಾಕೆ, ಯಾಕೆ ಎಂದು ಪ್ರಾಣ ತಿನ್ನುತ್ತಿದ್ದನಂತೆ. ಸರಿಯಾದ ಉತ್ತರ ಸಿಗುವವರೆಗೆ ಬಸ್ಸನ್ನು ಗೇಟಿನಿಂದ ಹೊರಗೆ ತೆಗೆಯುತ್ತಿರಲಿಲ್ಲವಂತೆ. ಅಷ್ಟು ವರ್ಷದಲ್ಲಿ ಅವನ ಬಸ್ಸಿನಿಂದ ಒಂದು ನಾಯಿಗೂ ಪೆಟ್ಟಾಗಿಲ್ಲ.

ಈಗ ನಾಲ್ಕು ತಿಂಗಳಿಂದ ಬಸ್ಸಿಲ್ಲ. ಒಂದು ದಿನ ತಲೆನೋವೆಂದು ಮಲಗಿದವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಮೆದುಳಿನೊಳಗೆ ಸಣ್ಣದೊಂದು ರಕ್ತದ ಹೆಪ್ಪು ಕಂಡಿತು. ಕೈಕಾಲು ಉಳಿಯಿತು, ಮಾತು ಉಳಿಯಿತು. ಆದರೆ ಎಡಗಡೆಯ ನೋಟ ಹೋಗಿದೆ ಎಂದರು ಡಾಕ್ಟರು. ಕಣ್ಣು ಎರಡೂ ನೆಟ್ಟಗಿವೆ, ಎಡಕ್ಕೆ ಇರುವುದನ್ನು ಮೆದುಳು ತೆಗೆದುಕೊಳ್ಳುತ್ತಿಲ್ಲ. ಕಾಣುತ್ತಿಲ್ಲ ಎಂಬುದು ಇವರಿಗೇ ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಮಾವನಿಗೆ ಈ ಕೊನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಕಾಣದೇ ಇದ್ದರೆ ಕತ್ತಲಾಗಬೇಕಲ್ಲ, ಕತ್ತಲೆ ಎಲ್ಲಿದೆ ಎಂದು ಕಂಡಕಂಡವರನ್ನು ಕೇಳಿದ. ನಾವು ಎಡಗಡೆ ಬೆರಳು ಹಿಡಿದು ಎಷ್ಟು ಎಂದರೆ, ಕತ್ತನ್ನು ಕೂದಲೆಳೆಯಷ್ಟು ಹೊರಳಿಸಿ ಸರಿಯಾಗಿ ಎಣಿಸಿ ಹೇಳುತ್ತಿದ್ದ. ಹೊರಳಿಸಿದೆ ಎಂದು ಬೈದರೆ ಇಲ್ಲವೇ ಇಲ್ಲ ಎನ್ನುತ್ತಿದ್ದ. ಸುಳ್ಳು ಹೇಳುವ ಆಸಾಮಿಯಲ್ಲ, ಅದೇ ದೊಡ್ಡ ತೊಂದರೆ.

ಡಿಪೋ ಮ್ಯಾನೇಜರಿಗೆ ಡ್ರೈವರುಗಳ ಕೊರತೆ. ಅವನೊಂದು ಕಾಗದ ಟೈಪ್ ಮಾಡಿಸಿ ಮನೆಗೇ ಕಳಿಸಿದ್ದ. ‘ನನ್ನ ದೃಷ್ಟಿಯ ಬಗ್ಗೆ ನನಗೆ ಪೂರ್ಣ ಭರವಸೆಯಿದೆ’ ಎಂಬ ಒಂದೇ ಸಾಲು, ಕೆಳಗೆ ಸಹಿಗೆ ಜಾಗ. ತಿಂಗಳ ಕೊನೆಯೊಳಗೆ ಸಹಿ ಹಾಕಿ ಕೊಟ್ಟರೆ ಸಾಕು, ಮಿಕ್ಕದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದಿದ್ದ. ಎಂಥ ಮನುಷ್ಯರಿರುತ್ತಾರೆ ನೋಡಿ! ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿ, ಪಿಸುಗುಟ್ಟಿದಳು.

"ಇವರು ಸಹಿ ಹಾಕಬಾರದು ಕಣೇ. ಯಾರ ಮನೆ ಮಗು ಅಡ್ಡ ಬರುತ್ತೋ ಏನೋ. ನಾನು ಹೇಳಿದ್ರೆ ಕೇಳಲ್ಲ, ನೀನಾದ್ರೂ ಏನಾದ್ರೂ ಮಾಡು."

ನನಗೆ ಕೋಪ ಮೂಗಿನ ತುದಿಯಲ್ಲೇ. ಹೋಗಿ ಕಾಗದ ಹರಿದು ಬಿಸಾಕುತ್ತೇನೆ ಎಂದೆ. ಅಷ್ಟರಲ್ಲಿ ಮಾವನೇ ಒಂದು ದಾರಿ ಹುಡುಕಿದ್ದ. ಬಸ್ ಓಡಿಸುವ ಕಂಪ್ಯೂಟರ್ ಆಟವೊಂದು ಇದೆಯಂತೆ, ರಸ್ತೆ, ಸ್ಟಾಪು, ಅಡ್ಡ ಬರುವ ಜನ ಎಲ್ಲ ಇರುತ್ತಾರಂತೆ. ಬೆರಳು ಎಣಿಸುವಾಗ ತಾನು ಕಾದು ಕೂತಿರುತ್ತೇನೆ, ರಸ್ತೆಯಲ್ಲಿ ಯಾರೂ ಹೇಳಿ ಕೇಳಿ ಬರುವುದಿಲ್ಲ, ಅಲ್ಲಿ ಪರೀಕ್ಷೆ ಆಗಲಿ ಎಂದ. ಗೆದ್ದರೆ ಸಹಿ ಹಾಕುತ್ತಾನೆ. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ನಿಜ ಹೇಳಬೇಕೆಂದರೆ ಏನಾಗುತ್ತೋ ನೋಡುವ ಕುತೂಹಲ ನನಗೂ ಹತ್ತಿತ್ತು.

ಹಳೆಯ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಎರಡನೇ ಮಹಡಿಯಲ್ಲಿ. ಮೆಟ್ಟಿಲ ತುಂಬ ಖಾಲಿ ರಟ್ಟಿನ ಡಬ್ಬಗಳು. ಅಂಗಡಿಯಮ್ಮ ಗಂಟು ಕಟ್ಟಿದ ಕೂದಲಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ಯಾವುದೋ ಬೋರ್ಡಿನ ಧೂಳು ಉಜ್ಜುತ್ತಿದ್ದಳು. ಮಾವ ನಮಸ್ಕಾರ ಹೇಳಿದವನೇ ಖಾಲಿ ಕ್ಯಾಬಿನೆಟ್ ಒಂದಕ್ಕೆ ಸರಳಿನಿಂದ ಟಣ್ ಎಂದು ಕುಟ್ಟಿದ. ತಗಡು ತೆಳು ಎಂದ. ಅಂಗಡಿಯಮ್ಮ ಅವನನ್ನೂ ಸರಳನ್ನೂ ನೋಡಿ, ಕೂತುಕೊಳ್ಳಿ ಎಂದು ಸ್ಟೂಲ್ ಕೊಟ್ಟಳು.

ಅವಳಿಗೆ ತಾಳ್ಮೆಯಿತ್ತು, ನನಗಿಲ್ಲದ್ದು. ಪ್ರೊಸೆಸರ್ ಲೆಕ್ಕ ಹಾಕುತ್ತದೆ, ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯುತ್ತದೆ ಎಂದು ಶುರು ಮಾಡಿದಳು. ಒಬ್ಬ ಚುರುಕಾಗಿದ್ದು ಇನ್ನೊಬ್ಬ ಸೋಮಾರಿಯಾದರೆ ಎಂದು ಮಾವ ಕೇಳಿದ. ಚುರುಕಾದವನು ಕೈಕಟ್ಟಿ ಕಾಯುತ್ತಾನೆ, ಅವನಿಗೆ ಕೊಟ್ಟ ದುಡ್ಡು ದಂಡ ಎಂದಳು. ಡ್ರೈವರು ಕಂಡಕ್ಟರು ಹಾಗೇ ಎಂದು ಮಾವ ತಲೆಯಾಡಿಸಿದ. ಆಟದ ಕಂಪ್ಯೂಟರಿಗೆ ಪ್ರೊಸೆಸರ್ ಮಧ್ಯಮದ್ದು ಸಾಕು, ಉಳಿದ ದುಡ್ಡಿನಲ್ಲಿ ಹೆಚ್ಚು ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ ಎಂದಾಯಿತು. ರ‍್ಯಾಮ್ ಒಂದೇ ದೊಡ್ಡದರ ಬದಲು ಚಿಕ್ಕವು ಎರಡು ಹಾಕುತ್ತೇನೆ ಎಂದಾಗ ಯಾಕೆ ಎಂದ. ಬಾಗಿಲು ಎರಡಿದ್ದರೆ ಜನ ಬೇಗ ಹತ್ತುತ್ತಾರಲ್ಲ ಎಂದಳು ಪುಣ್ಯಾತ್ಗಿತ್ತಿ. ಇಬ್ಬರಿಗೂ ಅಲ್ಲೇ ಸ್ನೇಹ ಕುದುರಿತು. ಪವರ್ ಸಪ್ಲೈನಲ್ಲಿ ಒಂದಿಷ್ಟು ಉಳಿಸೋಣ ಎಂದು ನಾನು ಬಾಯಿ ಹಾಕಿದೆ. ಅಗ್ಗದ ವೈರಿಂಗಿನ ಬಸ್ಸು ಹೇಗೆ ಉರಿಯುತ್ತದೆಂದು ತಾನು ಕಣ್ಣಾರೆ ನೋಡಿದ್ದೇನೆ ಎಂದು ಮಾವ ಗದರಿದ. ಅದೊಂದನ್ನು ಹೊಸದೇ ತೆಗೆದುಕೊಂಡೆವು. ಬಣ್ಣದ ದೀಪಗಳ ಕ್ಯಾಬಿನೆಟ್ ಮಾತ್ರ ಬೇಡವೇ ಬೇಡ ಎಂದ, ನಾವೇನು ಸರ್ಕಸ್ ನಡೆಸುತ್ತೇವೆಯೇ ಎಂದು.

ಒಂದು ಬಸ್ಸಿನ ಆಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ, ಚಿತ್ರ ಅಲ್ಲಲ್ಲಿ ತಡವರಿಸಿದರೂ ನಡೆಯುತ್ತದಲ್ಲ ಎಂದು ಅಂಗಡಿಯಮ್ಮ ಕೇಳಿದಳು. ಮಾವ ಸರಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ತಡವರಿಸಬಾರದು ಕಣಮ್ಮ. ಆಟದಲ್ಲಿ ಯಾರಿಗಾದ್ರೂ ಗುದ್ದಿದ್ರೆ, ತಪ್ಪು ನನ್ನದೋ ಮಷೀನಿಂದೋ ಗೊತ್ತಾಗಬೇಕು. ಅದಕ್ಕೇ ಬಂದಿರೋದು."

ಅವಳು ನಗಲಿಲ್ಲ. ಒಳಗಿನಿಂದ ಎರಡು ಹಳೆಯ ಗ್ರಾಫಿಕ್ಸ್ ಕಾರ್ಡ್ ತಂದು, ಒಂದಾದ ಮೇಲೊಂದು ಮೇಜಿನ ಮೇಲಿನ ಬೋರ್ಡಿಗೆ ಸಿಕ್ಕಿಸಿ ತೋರಿಸಿದಳು. ಎರಡಕ್ಕೂ ಬೆಲೆ ಒಂದೇ. ಮೊದಲನೆಯದರ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಎರಡನೆಯದು ಭರ್ರೆಂದು ಎದ್ದಿತು. ಮಾವ ಕಿವಿಯನ್ನು ಅದರ ಹತ್ತಿರ ತಂದು ಕೇಳಿದ, ಮುಖ ಅರಳಿತು. ನಿಂತ ಫ್ಯಾನು ಕೆಟ್ಟದ್ದಲ್ಲ, ಕಾರ್ಡ್ ತಣ್ಣಗಿರುವಾಗ ಅದು ಸುಮ್ಮನಿರುತ್ತದೆ, ಸದ್ದು ಮಾಡುವುದು ದುಡಿದು ಹಣ್ಣಾಗಿದೆ ಎಂದು ಅಂಗಡಿಯಮ್ಮ ಬಿಡಿಸಿ ಹೇಳಿದಳು. ಎಲ್ಲದಕ್ಕೂ ಯಾಕೆ ಎನ್ನುವ ಮನುಷ್ಯ ಇದಕ್ಕೆ ಮಾತ್ರ ಯಾಕೆ ಎನ್ನಲಿಲ್ಲ. ಇಂಜಿನ್ ಕಿವಿಯಿಂದ ಗೊತ್ತಾಗಬೇಕು, ನಿಂತಿರುವುದನ್ನು ಓಡುತ್ತದೆಂದು ನಂಬಿ ಜನ ಹತ್ತಿಸುವುದಿಲ್ಲ ಎಂದುಬಿಟ್ಟ. ವಾರದೊಳಗೆ ತಂದರೆ ಬದಲಿಸಿಕೊಡುತ್ತೇನೆ ಎಂದು ಅವಳು ಭರ್ರೆನ್ನುವ ಕಾರ್ಡನ್ನೇ ಹಾಕಿ, ಎಲ್ಲ ಜೋಡಿಸಿ, ಆಟವನ್ನೂ ತುಂಬಿ ಕೊಟ್ಟಳು. ಒಂದು ಹಳೆಯ ಸ್ಟಿಯರಿಂಗನ್ನೂ ಪೆಡಲನ್ನೂ ಅವಳೇ ಹುಡುಕಿಕೊಟ್ಟಳು.

ಮಾರನೆಯ ಬೆಳಿಗ್ಗೆ ಊಟದ ಮೇಜೇ ಡಿಪೋ ಆಯಿತು. ಮಾವ ಮೇಜಿಗೆ ಒಂದು ಸುತ್ತು ಹಾಕಿ, ವೈರುಗಳನ್ನೆಲ್ಲ ಮುಟ್ಟಿ ನೋಡಿ, ಕುರ್ಚಿಯ ಎತ್ತರಕ್ಕೆ ಎರಡು ದಿಂಬು ಹಾಕಿಸಿಕೊಂಡು ಕೂತ. ಬಸ್ಸು ಹೊರಟಿತು. ನಾಲ್ಕು ತಿಂಗಳಲ್ಲಿ ಅವನ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ನೋಡಿರಲಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಾರ್ಡ್ ಕಾದು, ಫ್ಯಾನು ಕಿರುಚತೊಡಗಿತು. ಚಿತ್ರ ನಿಂತು ನಿಂತು ಎಗರಿತು. ಎಡಗಡೆಯಿಂದ ಬಂದ ಸೈಕಲ್ಲಿನವನಿಗೆ ಬಸ್ಸು ಗುದ್ದಿತು. ನೋಡಿದಿರಾ, ಮಷೀನು ಕೈಕೊಟ್ಟಿತು ಎಂದ ಮಾವ. ಹೇಳುವಾಗ ಅವನ ಮುಖದಲ್ಲಿ ಬೇಸರ ಇರಲೇ ಇಲ್ಲ, ಭಾರ ಇಳಿದಂತಿತ್ತು. ಎದ್ದು ಹೋಗಿ ಕಪಾಟಿನಿಂದ ಆ ಕಾಗದ ತಂದ, ಪೆನ್ನಿನ ಮುಚ್ಚಳ ತೆಗೆದ. ಅತ್ತೆ ನನ್ನ ತೋಳನ್ನು ಹಿಡಿದುಕೊಂಡಳು.

ನನ್ನ ಮೈ ಉರಿದುಹೋಯಿತು. "ಮಷೀನಿನ ತಪ್ಪು ಅಂತೀಯಲ್ಲ ಮಾವ, ಹಾಗಾದ್ರೆ ಮಷೀನ್ ಬದಲಾಯಿಸು. ಅದು ನೆಟ್ಟಗಾದ ಮೇಲೂ ನಿನಗೆ ಭರವಸೆ ಇದ್ರೆ ಆಗ ಹಾಕು ಸಹಿ. ಉತ್ತರ ಗೊತ್ತಾಗೋಕೆ ಮುಂಚೆ ಎದ್ದು ಹೋಗೋನಾ ನೀನು?"

ಮಾವ ಕಾಗದವನ್ನು ಬದಿಗೆ ಸರಿಸಿದ. ಆಮೇಲೆ ಮುಚ್ಚಳ ಹಾಕಿ, ಚಪ್ಪಲಿ ಎಲ್ಲಿ ಎಂದು ಕೇಳಿದ.

ಅಂಗಡಿಯಮ್ಮ ಫ್ಯಾನು ಸುಮ್ಮನಿರುವ ಆ ಕಾರ್ಡನ್ನು ಬೋರ್ಡಿಗೆ ಸಿಕ್ಕಿಸಿ, ಅದಕ್ಕೆ ಚಿತ್ರ ಬರೆಯುವ ಕೆಲಸ ಕೊಟ್ಟಳು. ಮಾವ ಅದರ ಬೆನ್ನ ಮೇಲೆ ಕೈಯಿಟ್ಟು ಕಾದ. ಬೆಚ್ಚಗಾಗುತ್ತಿದೆ ಎಂದ. ಇನ್ನೂ ಬೆಚ್ಚಗಾಯಿತು ಎಂದ. ಫ್ಯಾನು ತಾನಾಗಿಯೇ ಮೆಲ್ಲಗೆ ತಿರುಗಿತು. ಕೆಲಸ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ತಾನೂ ನಿಂತಿತು. ಮತ್ತೆ ಮಾಡಿ ತೋರಿಸು ಎಂದ. ನಾಲ್ಕು ಸಲ ಮಾಡಿಸಿದ. ಅದಕ್ಕೆ ಹೇಗೆ ಗೊತ್ತಾಗುತ್ತದೆ, ಎಷ್ಟು ಬಿಸಿಗೆ ಏಳುತ್ತದೆ, ಹೇಳುವವರು ಯಾರು ಎಂದು ಅವಳ ಊಟದ ಹೊತ್ತನ್ನೂ ತಿಂದುಹಾಕಿದ. ಸದ್ದಿಲ್ಲದೆ ಇರುವುದೂ ಕೆಲಸ ಮಾಡುತ್ತದೆಂದು ತನಗೆ ಈ ವಯಸ್ಸಿಗೆ ತಿಳಿಯಿತಲ್ಲ ಎಂದು, ಆ ಕಾರ್ಡನ್ನೇ ಹಾಕಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಆಶ್ಚರ್ಯಪಟ್ಟ.

ಸಂಜೆ ಮತ್ತೆ ಕೂತ. ಚಿತ್ರ ಎಣ್ಣೆ ಹಾಕಿದ ಹಾಗೆ ಸಲೀಸಾಗಿ ಹೋಯಿತು. ಮೊದಲ ಸ್ಟಾಪು ಬರುವುದು ಗೊತ್ತಿದ್ದುದರಿಂದ ಕತ್ತನ್ನು ಎಡಕ್ಕೆ ಹೊರಳಿಸಿ, ಬಸ್ಸನ್ನು ರಸ್ತೆಬದಿಯ ಕಲ್ಲಂಚಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದ, ಬಾಗಿಲು ತೆರೆದ, ಕನ್ನಡಿ ನೋಡಿದ, ಹೊರಟ. ಎಂಥ ಕೈ ಅದು! ನಾನು ಪರೀಕ್ಷೆಯನ್ನೇ ಮರೆತು ನೋಡುತ್ತಿದ್ದೆ. ಎರಡನೇ ತಿರುವಿನಲ್ಲಿ ಬಸ್ಸನ್ನು ಎಡಕ್ಕೆ ತಿರುಗಿಸಿದ. ಕೊಡೆ ಹಿಡಿದ ಹೆಂಗಸೊಬ್ಬಳು ಫುಟ್‌ಪಾತಿನಿಂದ ಇಳಿದಳು. ನಾನು ನೋಡಿದೆ, ಅತ್ತೆಯೂ ನೋಡಿದಳು, ಅತ್ತೆಯ ಕೈ ತಾನಾಗಿ ಮುಂದಕ್ಕೆ ಚಾಚಿತು. ಬಸ್ಸು ನಿಧಾನವಾಗಲಿಲ್ಲ. ಪರದೆಯ ಎಡ ಮೂಲೆಯಲ್ಲಿ ಕೆಂಪು ಅಕ್ಷರ ಮೂಡಿ ಆಟ ನಿಂತಿತು.

"ಏನಾಯ್ತು? ಯಾಕೆ ನಿಲ್ತು?" ಎಂದ ಮಾವ. ನಿಜವಾಗಿ ಕೇಳುತ್ತಿದ್ದ.

ನಡೆದದ್ದನ್ನು ಬಸ್ಸಿನ ಹೊರಗಿನಿಂದ ಮತ್ತೆ ತೋರಿಸುವ ಗುಂಡಿಯೊಂದು ಆಟದಲ್ಲಿತ್ತು, ಅದನ್ನು ಒತ್ತಿದೆ. ಮಾವ ಈ ಸಲ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದ. ಕೊಡೆಯ ಹೆಂಗಸು ಕಂಡಳು. ಇನ್ನೊಮ್ಮೆ ಹಾಕು ಎಂದ, ಹಾಕಿದೆ. ಮೂರನೇ ಸಲಕ್ಕೆ ಪರದೆಗೆ ಬೆರಳಿಟ್ಟ.

"ಇವಳು ಎಷ್ಟು ಹೊತ್ತಿಂದ ಅಲ್ಲಿದ್ಲು?"

"ನೀನು ತಿರುವಿಗೆ ಬರೋ ಮುಂಚಿನಿಂದಲೂ ನಿಂತಿದ್ಲು ಮಾವ."

"ಚಿತ್ರ ತಡವರಿಸ್ತಾ?"

"ಇಲ್ಲ."

ಕಾರ್ಡ್ ಇರುವ ಕಡೆ ಕೈಯಿಟ್ಟು ನೋಡಿದ. ಬೆಚ್ಚಗಿತ್ತು, ಫ್ಯಾನು ತಿರುಗುತ್ತಿತ್ತು. ಎಲ್ಲ ಸರಿಯಾಗಿದೆ ಎಂದು ತನಗೇ ಹೇಳಿಕೊಂಡ. ಆಮೇಲೆ ಕಾಗದ ಬೇಕೆಂದ. ಅತ್ತೆ ಕದಲಲಿಲ್ಲ, ನಾನೇ ತಂದುಕೊಟ್ಟೆ. ಟೈಪ್ ಮಾಡಿದ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ತಾನೇ ಬರೆದ: ‘ಎಡಗಡೆ ನಿಂತವರು ನನಗೆ ಕಾಣುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದೇನೆ. ನಾನು ಕೇಳಿಕೊಂಡರೂ ನನಗೆ ಬಸ್ ಕೊಡಬೇಡಿ.’ ಸಹಿ ಹಾಕಿ, ತಾರೀಖು ಬರೆದು, ಕಾಗದವನ್ನು ಅತ್ತೆಯ ಕಡೆ ಸರಿಸಿದ. ಅತ್ತೆ ಬೇಡಿಕೊಂಡಿದ್ದೂ ಇದನ್ನೇ. ಆದರೂ ಓದಿ ಮುಗಿಸಿದವಳು ಅವನ ಎಡಗಡೆಗೆ ಬಂದು ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತುಬಿಟ್ಟಳು. ಅವಳು ಅಲ್ಲಿರುವುದು ಮಾವನಿಗೆ ಗೊತ್ತಾಗಲಿಲ್ಲ. ಅತ್ತೆ ಎಲ್ಲಿ ಹೋದಳು ಎಂದು ನನ್ನನ್ನು ಕೇಳಿದ.