ನೆಗೆಣ್ಣಿಗೆ ತೋರಿಸಿದ ಸೂಜಿ

ನನ್ನ ಬಲಗೈ ಮೇಲೇಳದಾದಾಗ ನಾವೆಲ್ಲ ಖಾನಾಪುರದ ಮನೆಯಲ್ಲಿ ಒಟ್ಟಿಗಿದ್ದೆವು. ಮೊದಲು ಹೆಗಲಲ್ಲಿ ಸಣ್ಣಗೆ ನೋವು. ಬರಬರುತ್ತಾ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಕುಪ್ಪಸದ ತೋಳಿಗೆ ಕೈ ತೂರಿಸುವಾಗ ಕಣ್ಣಲ್ಲಿ ನೀರು. ಹೆರಳು ಹಾಕಿಕೊಳ್ಳಲಾಗದೆ ಎಡಗೈಯಿಂದಲೇ ಕೂದಲು ಗಂಟು ಕಟ್ಟಿಕೊಂಡು ಓಡಾಡುತ್ತಿದ್ದೆ. ರೊಟ್ಟಿ ಬಡಿಯುವ ನನ್ನ ಕೆಲಸ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ ಪಾಲಿಗೆ ಹೋಯಿತು. ಅಲ್ಲಿಂದ ಶುರುವಾಯಿತು ಅವಳ ಮಾತು.

"ಕೆಲಸಕ್ಕ ಏಳಂಗಿಲ್ಲ, ತುತ್ತಿಗೆ ಮಾತ್ರ ಬರೋಬ್ಬರಿ ಏಳತೈತಿ ಈ ಕೈ."

ನಾದಿನಿಯ ಕೂಸಿಗೆ ಹೆಸರಿಡುವ ದಿನ ಮನೆ ತುಂಬ ಹೆಂಗಸರು. ಮೇಲಿನ ಹಲಗೆಯ ಮೇಲಿದ್ದ ಡಬ್ಬಿ ಇಳಿಸು ಎಂದರು ಅತ್ತೆ. ಆಗುವುದಿಲ್ಲ ಎಂದೆ.

"ತಡೀರಿ, ನಾ ಎಬ್ಬಸ್ತೇನಿ," ಎನ್ನುತ್ತಾ ಬಂದ ನೆಗೆಣ್ಣಿ ನನ್ನ ಮಣಿಕಟ್ಟು ಹಿಡಿದು ಒಮ್ಮೆಲೇ ಮೇಲಕ್ಕೆ ಜಗ್ಗಿದಳು. ನಾನು ಚೀರಿದ ಸದ್ದಿಗೆ ತೊಟ್ಟಿಲಲ್ಲಿದ್ದ ಕೂಸು ಅಳತೊಡಗಿತು. "ನೋಡ್ರಿ, ಎದ್ದಿತಿಲ್ಲ?" ಎಂದಳು ಅವಳು. ಹೆಂಗಸರು ನಕ್ಕರು. ನೆಲಕ್ಕೆ ಕುಸಿದು ಕುಳಿತ ನಾನು ಉಳಿದವರ ಮುಖ ನೋಡಲಿಲ್ಲ, ಅವಳದನ್ನಷ್ಟೇ ನೋಡಿದೆ. ನಿನ್ನನ್ನು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಗಂಡ ನನ್ನನ್ನು ಬೆಳಗಾವಿಗೆ ಕರೆದೊಯ್ದರು. ಶಿವಬಸವ ನಗರದ ಒಬ್ಬ ಡಾಕ್ಟರು ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಾ ಕೀಲಿನೊಳಗೆ ಇಂಜೆಕ್ಷನ್ ಕೊಡುತ್ತಾರೆಂದು ಯಾರೋ ಹೇಳಿದ್ದರು. ಆಗ ನಮಗೆ ಸ್ಕ್ಯಾನಿಂಗ್ ಎಂದರೆ ಬಸುರಿಯರದು. ಹೊರಗೆ ಕುಳಿತಿದ್ದ ಅಜ್ಜಿಯೊಬ್ಬಳು ನನ್ನ ನರೆತ ಕೂದಲು ನೋಡುತ್ತಾ, "ಎಷ್ಟ ತಿಂಗಳವಾ?" ಎಂದು ಕೇಳಿದ್ದಳು. ಮೊದಲ ಇಂಜೆಕ್ಷನ್ನಿಗೇ ನೋವು ಅರ್ಧ ಇಳಿಯಿತು. ಕೆಲವು ವಾರ ಬಿಟ್ಟು ಇನ್ನೊಂದು ಕೊಡೋಣ ಎಂದರು ಡಾಕ್ಟರು.

ಎರಡನೆಯ ಸಲ ಗಂಡನಿಗೆ ರಜೆ ಸಿಗಲಿಲ್ಲ. "ಅಕ್ಕಾರು ಬರಲಿ," ಎಂದೆ ಅತ್ತೆಗೆ. ಬೆಳಗಾವಿಯ ಶಹಾಪುರ ಪೇಟೆಯಲ್ಲಿ ಸೀರೆ ನೋಡಿಕೊಂಡು ಬರಬಹುದೆಂದು ನೆಗೆಣ್ಣಿಗೆ ಆಸೆ ಹಚ್ಚಿದೆ. ಅವಳು ಮಲ್ಲಿಗೆ ಮುಡಿದು ಹೊರಟಳು.

ಡಾಕ್ಟರ ಕೋಣೆಯೊಳಗೆ ಹೋದಾಗ ಅವಳ ಸೆರಗು ಹಿಡಿದೆ. "ಇಲ್ಲೇ ನಿಂದರ್ರಿ ಅಕ್ಕಾರ, ನಂಗ ಅಂಜಿಕಿ ಬರತೈತಿ." ನನಗೆ ಯಾವ ಅಂಜಿಕೆಯೂ ಇರಲಿಲ್ಲ.

ಡಾಕ್ಟರು ಹೆಗಲಿಗೆ ತಣ್ಣನೆಯ ಜೆಲ್ಲಿ ಹಚ್ಚಿ ಯಂತ್ರದ ಹಿಡಿಕೆ ಇಟ್ಟರು. ಬೂದು ಬಣ್ಣದ ಪರದೆಯಲ್ಲಿ ಸೂಜಿ ಬಿಳಿ ಗೆರೆಯಾಗಿ ಒಳಗೊಳಗೆ ಹೋಗುತ್ತಿತ್ತು. ಉದ್ದದ ಸೂಜಿ. ನೆಗೆಣ್ಣಿ ಒಮ್ಮೆ ಪರದೆ, ಒಮ್ಮೆ ನನ್ನ ಹೆಗಲು ನೋಡುತ್ತಾ ಗೋಡೆ ಹಿಡಿದುಕೊಂಡಳು.

ಸೂಜಿ ಹೊರಗೆ ಬಂದ ಮೇಲೆ ಕೇಳಿದೆ: "ಡಾಕ್ಟರ, ಈ ಕೈ ಯಾರರ ಜಗ್ಗಿ ಎತ್ತಿದ್ರ ಏನಾಗತೈತ್ರಿ?"

"ಹಂಗ ಎಂದೂ ಮಾಡಬ್ಯಾಡ್ರಿ. ಕೀಲಿನ ಸುತ್ತಲಿನ ಪದರ ಗಟ್ಟಿಯಾಗೈತಿ. ಜೋರ ಮಾಡಿದ್ರ ಒಳಗ ಹರೀತೈತಿ, ಎಲುಬೂ ಮುರೀಬಹುದು."

"ಜಗ್ಗ್ಯಾರ್ರಿ."

ಅವರು ತಲೆ ಎತ್ತಿದರು. "ಯಾವ ಶ್ಯಾಣ್ಯಾ ಮಾಡಿದಾ ಈ ಕೆಲಸ?"

ನಾನು ಎಡಗೈಯ ಬೆರಳು ಚಾಚಿದೆ. "ಇವರ ನೋಡ್ರಿ. ಎಲ್ಲಾರ ಮುಂದ."

ನರ್ಸು ತಿರುಗಿ ನೋಡಿದಳು. ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ನೆಗೆಣ್ಣಿಯ ಮುಖ ಕರ್ರಗಾಯಿತು. ಕುರ್ಚಿ ಹುಡುಕಿ ಕುಳಿತಳು, ನೀರು ಕೇಳಿದಳು. ಆ ಹೊತ್ತಿನ ತೃಪ್ತಿಯನ್ನು ಯಾವ ಔಷಧವೂ ನನಗೆ ಕೊಟ್ಟಿಲ್ಲ.

ಸೀರೆಯ ಮಾತು ಬರಲಿಲ್ಲ. ಖಾನಾಪುರದ ಬಸ್ಸಿನಲ್ಲಿ ದೇಸೂರು ದಾಟಿದ ಮೇಲೆ, "ಅಷ್ಟ ನೋವಿತ್ತಂದ್ರ ಹೇಳಬೇಕಿಲ್ಲ?" ಎಂದಳು.

"ಹೇಳಿದ್ದೆ. ನೀವು ನಗಾಕತ್ತಿದ್ರಿ."

ಡಾಕ್ಟರು ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ನಡೆಸುತ್ತಾ, ತಿಂಗಳುಗಳಾದ ಮೇಲೆ ಕೈ ಸಡಿಲಾಯಿತು. ಆದರೆ ನಾನು ಅಲ್ಲಿಗೇ ಬಿಡಲಿಲ್ಲ. ವಡಗಾವಿಯ ನನ್ನ ತವರಿನಲ್ಲಿ ಮಗ್ಗದ ಸದ್ದಿಗೆ ಕೇಳಿಸದೆ ಹೆಂಗಸರು ಹತ್ತಿರ ಸರಿದು ಕುಳಿತು ಈ ಕಥೆ ಕೇಳಿದರು. ಖಾನಾಪುರದಲ್ಲೂ ಮದುವೆ, ಸೀಮಂತ ಯಾವುದಿರಲಿ, ಅಂದು ನಕ್ಕವರನ್ನೇ ಆರಿಸಿ ಹೇಳಿದೆ, ಅವಳಿಗೆ ಕೇಳಿಸುವಂತೆ.

"ಸಾಕ ಬಿಡವಾ, ಎಷ್ಟ ಸಲ ಹೇಳ್ತಿ?" ಎಂದು ಅತ್ತೆ ಒಮ್ಮೆ ಬೇಸತ್ತು ಕೇಳಿದರು.

"ಇವರು ಇನ್ನೂ ಕೇಳಿಲ್ಲರಿ," ಎಂದು ಹೊಸದಾಗಿ ಬಂದಿದ್ದ ಬೀಗತಿಯ ಕಡೆ ತಿರುಗಿ, ಮೊದಲಿನಿಂದ ಶುರುಮಾಡಿದೆ.