ಯಾಪ್ ಮಳಿಗೆಯ ನಿನಾಂಗ್

ನೊರ್ಮಿತಾ ಪಾಲ್ಮಾರೆಸ್‌ಗೆ ಮದುವೆಯಾಗಲಿಲ್ಲ, ಮಕ್ಕಳೂ ಆಗಲಿಲ್ಲ. ಆದರೆ ಇಲೊಯಿಲೊ ಪೇಟೆಯಲ್ಲಿ ಅವಳನ್ನು 'ನಿನಾಂಗ್', ಅಂದರೆ ಜ್ಞಾನತಾಯಿ, ಎನ್ನುವವರನ್ನೆಲ್ಲ ಒಟ್ಟು ಸೇರಿಸಿದ್ದರೆ ಚರ್ಚಿನ ಬೆಂಚುಗಳು ಸಾಲುತ್ತಿರಲಿಲ್ಲ. ಯಾಪ್ ಮಳಿಗೆಯ ಯಾವ ಹುಡುಗಿಗೆ ಮದುವೆಯಾಗಲಿ, ಮಗುವಾಗಲಿ, ಚರ್ಚಿನಲ್ಲಿ ಎರಡನೆಯ ತಾಯಿಯಂತೆ ಜ್ಞಾನತಾಯಿಯಾಗಿ ನಿಲ್ಲುವವಳು ಅವಳೇ. ಯಾರಾದರೂ ಬಂದು ಕೇಳಿದಾಗ ಇಲ್ಲವೆಂದರೆ ಆ ಮಗುವಿಗೆ ಕೇಡು ಬಯಸಿದಂತೆ. ಅವಳಿಗೆ ಇಲ್ಲವೆನ್ನುವ ಮನಸ್ಸೂ ಇರಲಿಲ್ಲವೆನ್ನಿ. ಇಸ್ತ್ರಿ ಮಾಡಿದ ಉಡುಪು ತೊಟ್ಟು ಮೊದಲ ಬೆಂಚಿನಲ್ಲಿ ಕೂರುವುದು, ಒಬ್ಬೊಬ್ಬರೂ ಬಂದು ಆಶೀರ್ವಾದ ಬೇಡಿ ತನ್ನ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು, ಇದೆಲ್ಲ ಅವಳಿಗೆ ಬಲು ಇಷ್ಟ.

ಹುಟ್ಟಿದ್ದು ಎಸ್ತಾನ್ಸಿಯಾದಲ್ಲಿ, ಒಣಮೀನು ಮಾರುವವರ ಮನೆಯಲ್ಲಿ. ಶಾಲೆ ಮುಗಿಸಿ ಕಾಲ್ಯೆ ರಿಯಾಲ್ ಬೀದಿಯ ಯಾಪ್ ಮಳಿಗೆಗೆ ಬಂದಾಗ ಹೆಂಗಸರ ಚಪ್ಪಲಿ ವಿಭಾಗದಲ್ಲಿ ನಿಲ್ಲಿಸಿದರು. ಗಿರಾಕಿ ಬಾಯಿ ಬಿಡುವ ಮೊದಲೇ ಅವಳ ಹಳೆಯ ಚಪ್ಪಲಿ ಎಲ್ಲಿ ಸವೆದಿದೆ ಎಂದು ನೋಡುತ್ತಿದ್ದಳು. ದಿನವಿಡೀ ನಿಂತು ದುಡಿಯುವವಳಾದರೆ ಅರ್ಧ ಅಳತೆ ದೊಡ್ಡದು, ಜೀಪ್‌ನಿಯಲ್ಲಿ ಕೂತು ಬರುವವಳಾದರೆ ಸರಿಯಾದ ಅಳತೆ. ಕೊಂಡವರು ವಾಪಸ್ ತರುತ್ತಿರಲಿಲ್ಲ. ಮುಂದೆ ಮಾಲು ಕೊಳ್ಳುವ ಕೆಲಸ ಸಿಕ್ಕಿತು. ದಲ್ಲಾಳಿಗಳನ್ನು ಬದಿಗೆ ಸರಿಸಿ ತಾನೇ ಹಡಗು ಹತ್ತಿ ಮರಿಕಿನಾಕ್ಕೆ ಹೋದಳು, ಚಪ್ಪಲಿ ಹೊಲಿಯುವವರ ಅಂಗಳದಲ್ಲಿ ಕೂತು ಚೌಕಾಸಿ ಮಾಡಿದಳು. ಒಂದೇ ಮಳಿಗೆಯಾಗಿದ್ದ ಯಾಪ್ ವ್ಯಾಪಾರ ಬಕೊಲೊಡ್, ರೊಹಾಸ್ ಎಂದು ಊರೂರಿಗೆ ಹಬ್ಬಿತು.

ಇವಳ ಕೈಗುಣ ಚೆನ್ನಾಗಿದೆ ಎಂದು ಯಜಮಾನ ಡೆಮೆಟ್ರಿಯೊ ಯಾಪ್‌ನ ಹೆಂಡತಿ ತನ್ನ ಮಗಳು ಶೆರಿಲ್‌ಗೆ ಇವಳನ್ನೇ ಜ್ಞಾನತಾಯಿ ಮಾಡಿಸಿದಳು. ಅಂದಿನಿಂದ ಯಜಮಾನನ ಬಾಯಲ್ಲಿ ಅವಳು 'ಕುಮಾರೆ', ಅಂದರೆ ಬೀಗಿತ್ತಿಗೆ ಸಮ. ಆ ಒಂದು ಮಾತಿಗೆ ಅವಳು ಮರುಳಾದಳು. ಮನಿಲಾದ ದೊಡ್ಡ ಮಳಿಗೆಯವರು ದುಪ್ಪಟ್ಟು ಸಂಬಳ ಕೊಡುತ್ತೇವೆಂದು ಕರೆದರೂ ಹೋಗಲಿಲ್ಲ. ಮನೆಯವಳು ಮನೆ ಬಿಟ್ಟು ಹೋಗುತ್ತಾಳೆಯೇ ಎಂಬ ಜಂಬ. ಅವಳು ಕೆಟ್ಟದ್ದು ಅಲ್ಲೇ.

ಉಪಾಧ್ಯಕ್ಷೆಯಾದಳು. ಯಾಪ್‌ಗೆ ವಯಸ್ಸಾಗುತ್ತ ಬಂತು. "ನನ್ನ ನಂತರ ಈ ಕುರ್ಚಿ ನಿಂದೇ ಕುಮಾರೆ, ಶೆರಿಲ್ ಇನ್ನೂ ಚಿಕ್ಕವಳು" ಎಂದು ಹಬ್ಬದೂಟದಲ್ಲಿ ನಾಲ್ಕು ಜನರ ಎದುರಿಗೇ ಹೇಳಿದ್ದ. ಸಿಂಗಾಪುರದಲ್ಲಿ ಓದಿ ಬಂದ ಶೆರಿಲ್‌ಳನ್ನು ನೊರ್ಮಿತಾ ಜೊತೆಯಲ್ಲಿ ತಿರುಗಾಡಿಸಿ, ಮಾಲು ಮುಟ್ಟಿ ನೋಡುವುದರಿಂದ ಹಿಡಿದು ಸಿಟ್ಟು ನುಂಗುವುದರವರೆಗೆ ಕಲಿಸಿದಳು. ತನ್ನ ಕುರ್ಚಿಯ ಕಾಲನ್ನು ತಾನೇ ಕೊಯ್ಯುತ್ತಿದ್ದೇನೆಂದು ಹೊಳೆಯಲಿಲ್ಲ.

ಒಂದು ದಿನ ಯಾಪ್ ಅವಳನ್ನು ಬಾಚೊಯ್ ಎಂಬ ಶಾವಿಗೆ ಸಾರು ತಿನ್ನಲು ಕರೆದ. ಕಾಲ್ಯೆ ರಿಯಾಲ್ ಮಳಿಗೆ ಮುಚ್ಚುವುದೆಂದು ತೀರ್ಮಾನವಾಗಿತ್ತು. ಕಟ್ಟಡಕ್ಕೆ ಕೊಳ್ಳುವವರು ಸಿಕ್ಕಿದ್ದರು.

"ಹುಡುಗೀರಿಗೆ ನೀನೇ ಹೇಳ್ಬೇಕು ಕುಮಾರೆ," ಎಂದ, ಬಟ್ಟಲಿನಿಂದ ತಲೆ ಎತ್ತದೆ. "ವಕೀಲನ್ನ ಕಳಿಸಿದ್ರೆ ಬಾಗಿಲಿಗೆ ಬಾವುಟ ಕಟ್ಕೊಂಡು ಕೂತ್ಬಿಡ್ತಾರೆ. ನೀನು ಹೇಳಿದ್ರೆ ಅತ್ತು ಮನೆಗೆ ಹೋಗ್ತಾರೆ."

"ಅವರನ್ನ ಬೇರೆ ಶಾಖೆಗೆ ಹಾಕ್ಬೇಕು ಹಾಗಾದ್ರೆ."

"ಹಾಕೋಣ, ಹಾಕೋಣ. ಮೊದ್ಲು ಇದು ಮುಗೀಲಿ. ಆಮೇಲೆ ಕುರ್ಚಿ ನಿಂದೇ ಅಲ್ವಾ, ನಿಂಗೆ ಹೆಂಗೆ ಬೇಕೋ ಹಂಗೆ ಮಾಡ್ಕೋ."

ಕುರ್ಚಿ ಸಿಕ್ಕಿದರೆ ಎಲ್ಲರನ್ನೂ ವಾಪಸ್ ಕರೆಸಬಹುದು ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಹುಡುಗಿಯರ ಮೇಲಿನ ಪ್ರೀತಿ ಎಷ್ಟು, ಕುರ್ಚಿಯ ಆಸೆ ಎಷ್ಟು ಎಂದು ಆಗ ತೂಗಿ ನೋಡಲಿಲ್ಲ. ಮಳಿಗೆ ತೆರೆಯುವ ಮುಂಚೆ ಚಪ್ಪಲಿ ವಿಭಾಗದಲ್ಲಿ ಎಲ್ಲರನ್ನೂ ಸೇರಿಸಿ ವಿಷಯ ಹೇಳಿದಳು. "ನನ್ನನ್ನ ನಂಬ್ರೇ. ಒಬ್ಬೊಬ್ಬರನ್ನೂ ಕರೆಸ್ಕೋತೀನಿ, ನಂದು ಜವಾಬ್ದಾರಿ."

ಗಲ್ಲಾದಲ್ಲಿ ಕೂರುತ್ತಿದ್ದ ಹಳಬಳು ಲೂಝ್ ಮೂಗೊರೆಸಿಕೊಂಡಳು. "ನಿನಾಂಗ್ ಬಾಯಿಂದ ಬಂದ್ಮೇಲೆ ಮುಗೀತು ಬಿಡ್ರೇ. ಅಳೋದನ್ನ ಮನೇಲಿ ಅಳೋಣ."

ಯಾಪ್ ಹೇಳಿದಂತೆಯೇ ಆಯಿತು. ಬಾವುಟ ಬರಲಿಲ್ಲ, ಕೂಗು ಏಳಲಿಲ್ಲ. ಬಾಗಿಲಲ್ಲಿ ಮಳಿಗೆಯ ಹುಡುಗಿ, ತುಂಬು ಬಸುರಿ ರೊವೆಲಿನ್ ನೊರ್ಮಿತಾಳ ಕೈಯನ್ನು ಹಣೆಗೆ ಒತ್ತಿಕೊಂಡಳು. ಅವಳ ಮದುವೆಗೂ ನಿಂತವಳು ನೊರ್ಮಿತಾಳೇ. "ಮಗೂಗೂ ನೀವೇ ನಿಲ್ಬೇಕು ನಿನಾಂಗ್."

"ಇನ್ಯಾರು ನಿಲ್ತಾರೆ, ಹುಚ್ಚಿ?"

ಮುಂದಿನ ತಿಂಗಳ ಸಭೆಯಲ್ಲಿ ಶೆರಿಲ್ ಅಧ್ಯಕ್ಷೆಯಾದಳು. ನೊರ್ಮಿತಾಗೆ ಸಲಹೆಗಾರ್ತಿ ಎಂಬ ಹೆಸರು, ಒಂದು ಫಲಕ, ಚಪ್ಪಾಳೆ. ಯಾಪ್ ಅವಳ ಭುಜ ತಟ್ಟಿ, "ಮನೇದು ಮನೇಲೇ ಇರ್ಲಿ ಅಂತ ಕುಮಾರೆ. ನೀನು ಮನೆಯವಳು, ನಿಂಗೆ ಅರ್ಥ ಆಗುತ್ತೆ," ಎಂದ. ಮನೆಯವಳಾದರೆ ಕುರ್ಚಿ ಯಾಕಿಲ್ಲ ಎಂದು ಕೇಳದೆ ಅವಳು ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡಳು. ಕಾಲ್ಯೆ ರಿಯಾಲ್‌ನ ಹುಡುಗಿಯರ ಮಾತೆತ್ತಿದಾಗ ಶೆರಿಲ್ ನಯವಾಗಿಯೇ, "ನೋಡೋಣ ನಿನಾಂಗ್, ವಯಸ್ಸು ನೋಡಿ ತಗೋತೀವಿ," ಎಂದಳು. ಆ ನಯವನ್ನು ಕಲಿಸಿದವಳು ಯಾರೆಂದು ಹೇಳಬೇಕಾಗಿಲ್ಲ. ಸಲಹೆ ಕೇಳಲು ಯಾರೂ ಬರಲಿಲ್ಲ, ಕೊನೆಗೆ ಅವಳೇ ಆಫೀಸಿಗೆ ಹೋಗುವುದನ್ನು ಬಿಟ್ಟಳು.

ಹೆರಿಗೆಯಾದ ಮೇಲೆ ರೊವೆಲಿನ್ ಮಗುವನ್ನು ಎತ್ತಿಕೊಂಡು ಮೊಲೊದಲ್ಲಿದ್ದ ನೊರ್ಮಿತಾಳ ಮನೆಗೆ ಬಂದಳು. ನೊರ್ಮಿತಾ ಓಡಿಹೋಗಿ ಜ್ಞಾನಸ್ನಾನಕ್ಕೆಂದು ಹೊಲಿಸಿಟ್ಟಿದ್ದ ಬಿಳಿ ಅಂಗಿ ತಂದಳು. ರೊವೆಲಿನ್ ಕೂರಲೂ ಇಲ್ಲ.

"ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಬಂದೆ. ಶೆರಿಲ್ ಮೇಡಂನ ನಿಲ್ಲೋಕೆ ಕೇಳ್ಬೇಕು ಅಂತಿದೀನಿ. ಹೊಸ ಮಳಿಗೆಗೆ ಹುಡುಗೀರನ್ನ ತಗೋತಿದಾರೆ."

"ಕೇಳು. ಒಂದು ಮಗೂಗೆ ಆರು ಜನ ನಿಲ್ತಾರೆ. ನಾನೂ ಒಂದು ಮೂಲೇಲಿ ಇರ್ತೀನಿ."

ರೊವೆಲಿನ್ ನೆಲ ನೋಡಿದಳು. "ನೀವು ಬಂದ್ರೆ ಲೂಝ್ ಅಕ್ಕ ಬರಲ್ಲ ಅಂದ್ರು. ಉಳಿದವರೂ ಹಂಗೇ ಅಂತಿದಾರೆ. ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ ನಿನಾಂಗ್. ನಿಮ್ಮ ಕೈಲಿ ಈಗ ಏನೂ ಇಲ್ವಲ್ಲ, ಅಷ್ಟೇ."

ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ತಾನೊಬ್ಬಳೇ ಪೆದ್ದಿಯಂತೆ ನಿನಾಂಗ್ ಎಂಬ ಹೆಸರನ್ನು ನೆಂಟಸ್ತನವೆಂದು ನಂಬಿದೆ, ಈ ಹುಡುಗಿಯರಿಗೆ ಅದು ಬರೀ ಲೆಕ್ಕಾಚಾರವೆಂದು ಮೊದಲಿನಿಂದಲೂ ಗೊತ್ತಿತ್ತು ಎಂದು ನೊರ್ಮಿತಾಗೆ ಅನ್ನಿಸಿತು. ಅಂಗಿಯನ್ನು ಮಡಚಿ ರೊವೆಲಿನ್ ಚೀಲಕ್ಕೆ ಹಾಕಿದಳು.

"ಶೆರಿಲ್ ಹತ್ರ ಬೆಳಿಗ್ಗೆ ಹೋಗ್ಬೇಡ, ಉರೀತಿರ್ತಾಳೆ. ಊಟ ಆದ್ಮೇಲೆ ಹೋಗು. ತಿನ್ನೋಕೇನೂ ಒಯ್ಯಬೇಡ, ಸಿಹಿ ಮುಟ್ಟಲ್ಲ ಅವಳು. ಮೊದ್ಲು ಮಗೂನ ಕೈಗೆ ಕೊಡು, ಆಮೇಲೆ ಕೇಳು. ಮಗೂನ ಎತ್ಕೊಂಡು ಇಲ್ಲ ಅನ್ನೋಕಾಗಲ್ಲ."

ರೊವೆಲಿನ್ ಕಣ್ಣೊರೆಸಿಕೊಂಡಳು. "ನೀವು ಕಳಿಸಿದ್ದು ಅಂತ ಹೇಳ್ಲಾ?"

"ಬೇಡ," ಎಂದಳು ನೊರ್ಮಿತಾ. "ನನ್ನ ಹೆಸರು ಹೇಳಿದ್ರೆ ನಿಂಗೆ ಕೆಲಸ ಸಿಗಲ್ಲ."