ಅಮರಮ್ಮನ ಆವಾಜು

ಅಮರಮ್ಮನಿಗೆ ಪಿಸುಮಾತು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ನನಗೊಬ್ಬಳಿಗೇ ಎಂದು ಹೇಳಿದ ಗುಟ್ಟು ಎದುರುಮನೆಯ ಕಟ್ಟೆಯ ಮೇಲೆ ಕೂತವರಿಗೆ ಚೆನ್ನಾಗಿ ಕೇಳುತ್ತಿತ್ತು. ಅಲ್ಲಿಂದ ಯಾರಾದರೂ ಉತ್ತರ ಕೊಟ್ಟರೆ ಅಮರಮ್ಮ ನಾಚಿಕೊಳ್ಳುತ್ತಿರಲಿಲ್ಲ. ಅವರನ್ನೂ ಮಾತಿಗೆ ಸೇರಿಸಿಕೊಂಡು ಮುಂದುವರಿಸುತ್ತಿದ್ದರು.

"ಏನ್ ಮಾಡೂದ್ರಿ ಅಕ್ಕೋರ, ಹದಿನೈದು ವರ್ಷ ಕಡೀ ಸಾಲಿನ್ಯಾಗ ಕುಂತವರಿಗೆ ಕೇಳ್ಲಿ ಅಂತ ಮಾತಾಡೀನಿ. ಈಗ ಆವಾಜು ಇಳಸು ಅಂದ್ರ ಎಲ್ಲಿ ಇಳಿತೈತ್ರಿ?"

ಅಕ್ಕೋರು ಎಂದರೆ ಆ ಕಡೆ ಶಾಲೆಯ ಶಿಕ್ಷಕಿ. ನಾನು ತುಮಕೂರಿನ ಕಡೆಯವಳು. ಎಂಬತ್ತರ ದಶಕದ ನಡುವೆ ಮಸ್ಕಿಯ ಪ್ರಾಥಮಿಕ ಶಾಲೆಗೆ ನೇಮಕವಾಗಿ ಬಂದಾಗ ಮದುವೆಯಾಗದ ಒಂಟಿ ಹುಡುಗಿಗೆ ಬಾಡಿಗೆಗೆ ಕೊಡುತ್ತೇವೆಂದು ಹೇಳಿದ ಮನೆ ಊರಿನಲ್ಲಿ ಒಂದೇ ಒಂದು. ಅದರ ಬಗ್ಗೆ ಸಹೋದ್ಯೋಗಿಯೊಬ್ಬರು ಮೊದಲೇ ಎಚ್ಚರಿಸಿದ್ದರು. "ನಾಟಕದಾಕಿ ಮನಿ ಐತಿ ಅದು. ವಿಚಾರ ಮಾಡ್ರಿ." ನಾನು ಹೋಗಿ ಬಾಗಿಲಲ್ಲಿ ನಿಂತೆ. ಎತ್ತರದ, ಎಣ್ಣೆಗಪ್ಪು ಬಣ್ಣದ, ದೊಡ್ಡ ಕುಂಕುಮದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಬಗ್ಗೆ ಏನರ ಹೇಳ್ಯಾರೇನ್ರಿ ನಿಮಗ?"

ಸುಳ್ಳು ಹೇಳಲು ಆಗಲಿಲ್ಲ. "ಹೇಳಿದ್ದಾರೆ" ಎಂದೆ.

"ಖರೇನ ಹೇಳ್ಯಾರ. ನಾಟಕದಾಕಿನ ನಾನು. ಬರ್ರಿ ಒಳಗ, ಖೋಲಿ ನೋಡ್ರಿ."

ಆ ಖೋಲಿಯಲ್ಲಿ ನಾನು ಏಳು ವರ್ಷ ಇದ್ದೆ.

ಅಮರಮ್ಮ ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ. ತಂದೆ ಕುರಿ ಕಾಯುತ್ತಿದ್ದರು, ಬೇಗ ತೀರಿಕೊಂಡರು. ತಾಯಿ ಹನುಮವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುವ ಕೂಲಿ. ಸಾಲು ಹಿಡಿದು ಕೂತ ಹೆಂಗಸರಿಗೆ ಹಾಡು ಎತ್ತಿಕೊಡುತ್ತಿದ್ದವಳು ಆಕೆಯೇ. ಅಮರಮ್ಮ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ತಾಯಿಯ ಪಕ್ಕದ ಸಾಲಿನಲ್ಲಿ ಕೂತು ಹಾಡು ಕಲಿತರು. ಲಿಂಗಸೂಗೂರಿಗೆ ಮದುವೆ ಮಾಡಿಕೊಟ್ಟರು. ಎರಡು ವರ್ಷಕ್ಕೆ ಗಂಡ ಇನ್ನೊಬ್ಬಳ ಜೊತೆ ಸೋಲಾಪುರದ ಕಡೆ ಹೋಗಿಬಿಟ್ಟ. ಅದೇ ತಿಂಗಳು ಲಿಂಗಸೂಗೂರಿನಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರು ಹಾಕಿತ್ತು. ಹತ್ತೊಂಬತ್ತರ ಅಮರಮ್ಮ ಹಗಲುಹೊತ್ತಿನಲ್ಲೇ ಹೋಗಿ, ಹಾರ್ಮೋನಿಯಂ ಮಾಸ್ತರರ ಮುಂದೆ ಕೂತು, ತಾಯಿಯ ಹಾಡೊಂದನ್ನು ಹಾಡಿದರು. "ಅವ ಬಿಟ್ಟುಹೋದ ಅಂತ ಅಳಾಕ ಹೋಗಿದ್ದಿಲ್ರಿ ನಾ. ಕೆಲಸ ಕೇಳಾಕ ಹೋಗಿದ್ದೆ" ಎಂದು ಈ ಕಥೆಯನ್ನು ಹೇಳಿದಾಗಲೆಲ್ಲ ಒತ್ತಿ ಹೇಳುತ್ತಿದ್ದರು.

ಮೊದಲು ಗುಂಪಿನಲ್ಲಿ ನಿಂತು ಹಾಡುವವಳು, ಆಮೇಲೆ ನಾಯಕಿಯ ಗೆಳತಿ, ಆಮೇಲೆ ನಾಯಕಿ. ನಾನು ನೋಡುವ ಹೊತ್ತಿಗೆ ಮಸ್ಕಿಯಲ್ಲಿ ಸ್ವಂತ ಮನೆ ಮಾಡಿಕೊಂಡು, ಗಟ್ಟಿಗಿತ್ತಿ ಅತ್ತೆಯ ಪಾತ್ರಗಳಿಗೆ ಬಂದಿದ್ದರು. ಕಾಲುವೆ ನೀರು ಹರಿದ ಮೇಲೆ ಸಿಂಧನೂರು ಕಂಪನಿಗಳಿಗೆ ತವರುಮನೆಯಂತಾಗಿತ್ತು. ಭತ್ತದ ಸುಗ್ಗಿ ಮುಗಿದರೆ ಗೊರೇಬಾಳ, ಜವಳಗೇರಾದಿಂದ ಟ್ರ್ಯಾಕ್ಟರು ತುಂಬಿಕೊಂಡು ಜನ ಬರುತ್ತಿದ್ದರು. ನೀರಾವರಿಗೆಂದು ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗಿನವರು ಅಮರಮ್ಮ ರಂಗದ ಮೇಲೆ ಬಂದ ತಕ್ಷಣ ತೆಲುಗು ಹಾಡು ಕೇಳುತ್ತಿದ್ದರು. ಇವರು ಎರಡು ಸಾಲು ತೆಲುಗಿನಲ್ಲಿ ಹಾಡಿ, "ಉಳಿದದ್ದು ನಮ್ಮ ಕನ್ನಡದಾಗ ಕೇಳ್ರಿ, ಅರ್ಥ ಆಗಲಿಲ್ಲಂದ್ರ ಬಾಜೂದವರನ್ನ ಕೇಳ್ರಿ" ಎಂದು ಮುಂದೆ ಹೋಗುತ್ತಿದ್ದರಂತೆ.

ಊರಿಗೆ ಬಂದ ದಿನಗಳಲ್ಲಿ ಬೆಳಗಿನ ಸ್ನಾನ ಮುಗಿಸಿ, ಹಸಿಶುಂಠಿಗೆ ಬೆಲ್ಲ ಹಚ್ಚಿ ಕಡಿಯುತ್ತ ಶ್ರುತಿ ಹಿಡಿಯುತ್ತಿದ್ದರು. ಹೊಸ ನಾಟಕದ ಹ್ಯಾಂಡ್‌ಬಿಲ್ಲು ಬಂದರೆ ನನ್ನ ಹತ್ತಿರ ತಂದು ಕೊಡುತ್ತಿದ್ದರು. ಅವರಿಗೆ ಓದು ಬರುತ್ತಿತ್ತು, ಆದರೂ ನಾನು ಜೋರಾಗಿ ಓದಬೇಕು. 'ಅಮರಮ್ಮ ಮಸ್ಕಿ' ಎಂಬುದು ಸಣ್ಣ ಅಕ್ಷರದಲ್ಲಿದ್ದರೆ ಅವರಿಗೆ ಬೇಜಾರಿರಲಿಲ್ಲ. 'ಅಮರವ್ವ' ಎಂದೋ 'ಅಮರಾವತಿ' ಎಂದೋ ಅಚ್ಚಾಗಿದ್ದರೆ ಮಾತ್ರ ಮರುದಿನದ ಬಸ್ಸಿಗೆ ಅಚ್ಚುಕೂಟಕ್ಕೇ ಹೋಗಿ ಜಗಳ ತೆಗೆಯುತ್ತಿದ್ದರು.

ಕಂಪನಿ ಸಿಂಧನೂರಿನಲ್ಲಿ ಬೀಡುಬಿಟ್ಟಿದ್ದ ಅಂಥದೇ ಒಂದು ಸುಗ್ಗಿಯಲ್ಲಿ ಬೆಂಗಳೂರಿನ ನಿರ್ದೇಶಕರೊಬ್ಬರು ಅವರ ಪಾತ್ರ ನೋಡಿದರು. ಟಿವಿ ಧಾರಾವಾಹಿಯೊಂದರಲ್ಲಿ ದೊಡ್ಡ ಮನೆಯ ಹಿರಿಯ ಸೊಸೆಯ ಪಾತ್ರ ಕೊಡುತ್ತೇವೆ, ಆದರೆ ಭಾಷೆ ಸ್ವಲ್ಪ ತಿದ್ದಿಕೊಳ್ಳಬೇಕು ಎಂದರು. ಅಮರಮ್ಮ ಸೀದಾ ನನ್ನ ಖೋಲಿಗೆ ಬಂದರು.

"ಅಕ್ಕೋರ, ನಿಮ್ಮ ಕಡೀ ಕನ್ನಡ ಕಲಸ್ರಿ ನನಗ. ಒಂದು ತಿಂಗಳು ಟೈಮ್ ಐತಿ."

ನನಗೆ ಹೆಮ್ಮೆಯಾಯಿತು. ದಿನಾ ಶಾಲೆ ಬಿಟ್ಟ ಮೇಲೆ ಪಾಠ. 'ಮಾಡಾಕತ್ತೀನಿ' ಅಲ್ಲ, 'ಮಾಡ್ತಾ ಇದ್ದೀನಿ'. 'ಹೋಗ್ಯಾಳ' ಅಲ್ಲ, 'ಹೋಗಿದ್ದಾಳೆ'. ತರಗತಿಯಲ್ಲಿ ಮಕ್ಕಳನ್ನು ಹೇಗೆ ತಿದ್ದುತ್ತಿದ್ದೆನೋ ಹಾಗೆಯೇ ಅವರನ್ನೂ ತಿದ್ದಿದೆ. ಮಕ್ಕಳಾದರೆ 'ಬಂದಾನ' ಎಂದದ್ದಕ್ಕೆ ಶಿಕ್ಷೆಯಾಗಿ ನಿಂತುಕೊಳ್ಳಬೇಕಿತ್ತು. ಅಮರಮ್ಮ ನಿಂತೇ ಕಲಿಯುತ್ತಿದ್ದರು. ಕೂತರೆ ಅವರಿಗೆ ಮಾತು ಬರುತ್ತಿರಲಿಲ್ಲ.

"ನಿಮ್ಮ ಕನ್ನಡ ಚಂದ ಐತ್ರಿ," ಎಂದರು ಒಂದು ದಿನ, "ಆದ್ರ ಅದರಾಗ ಸಿಟ್ಟು ಬರಾಕ ಭಾಳ ಹೊತ್ತು ಹಿಡಿತೈತಿ."

ತಿಂಗಳು ತುಂಬುವ ಹೊತ್ತಿಗೆ ಅವರು ನನಗಿಂತ ಚೆನ್ನಾಗಿ ನನ್ನ ಕನ್ನಡ ಮಾತಾಡುತ್ತಿದ್ದರು. ಹೋಗಿ ಚಿತ್ರೀಕರಣ ಮುಗಿಸಿ ಬಂದರು. "ನಾ ಬಾಯಿ ತೆರದ್ರ ಸಾಕು, ಆ ಸೌಂಡಿನವ ಕಿವಿಗೆ ಹಾಕ್ಕೊಂಡಿದ್ದು ಕಿತ್ತು ಒಗೀತಿದ್ದ" ಎಂದು ನಕ್ಕರು. "ಆಮ್ಯಾಲೆ ಹಗೂರ ಮಾತಾಡೂದೂ ಕಲ್ತೆ ನೋಡ್ರಿ. ನಾಕು ದಿನದಾಗ!"

ಮೊದಲ ಕಂತು ಬರುವ ಸಂಜೆ ಓಣಿಯೆಲ್ಲ ಹತ್ತಿ ವ್ಯಾಪಾರದ ಸಾಹುಕಾರರ ಪಡಸಾಲೆಯಲ್ಲಿ ನೆರೆಯಿತು. ಟಿವಿ ಇದ್ದದ್ದು ಅಲ್ಲಿ. ಅಮರಮ್ಮ ಪಾಮನಕಲ್ಲೂರಿನಿಂದ ತಾಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದರು. ಹನುಮವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮುದುಕಿಯನ್ನು ಟಿವಿಯ ಹತ್ತಿರವೇ ಕೂರಿಸಿದೆವು. ಶುರುವಾಯಿತು. ದೊಡ್ಡ ಮನೆ, ಮೆಟ್ಟಿಲು. ಮೆಟ್ಟಿಲಿಳಿದು ಅಮರಮ್ಮ ಬಂದರು. ಪಡಸಾಲೆಯಲ್ಲಿ ಸಿಳ್ಳೆ, ಚಪ್ಪಾಳೆ. ಪರದೆಯ ಮೇಲಿನ ಅಮರಮ್ಮ ಬಾಯಿ ತೆರೆದರು.

ಬಂದದ್ದು ಬೇರೆ ಯಾರದೋ ದನಿ. ತೆಳ್ಳನೆಯ, ನಯವಾದ, ಬೆಂಗಳೂರಿನ ಯಾವುದೋ ಹೆಂಗಸಿನ ದನಿ.

ಚಪ್ಪಾಳೆ ನಿಂತುಹೋಯಿತು. ನನಗೆ ಅಮರಮ್ಮನ ಮುಖ ನೋಡಲು ಧೈರ್ಯ ಬರಲಿಲ್ಲ. ಮುಂದಿನ ದೃಶ್ಯದಲ್ಲೂ ಅದೇ ದನಿ. ಹನುಮವ್ವ ಪಕ್ಕದವಳನ್ನು ಕೇಳಿದಳು. "ಯಾವಾಕಿಬೇ ಇಕಿ, ಒಂದ ಸವನ ಮಾತಾಡಾಕತ್ಯಾಳ? ನಮ್ಮ ಅಮರಿ ಯಾವಾಗ ಬರ್ತಾಳ?"

ಅಮರಮ್ಮ ಎದ್ದರು. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಟಿವಿಯ ಗುಂಡಿ ತಿರುಗಿಸಿ ಶಬ್ದ ಪೂರ್ತಿ ಇಳಿಸಿದರು. ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಪರದೆಯ ಕಡೆ ಒಂದು ಕಣ್ಣಿಟ್ಟು, ತಮ್ಮ ಮಾತುಗಳನ್ನು ತಾವೇ ಆಡತೊಡಗಿದರು. ನಾನು ಕಲಿಸಿದ ಕನ್ನಡದಲ್ಲಿ ಅಲ್ಲ, ಪಾಮನಕಲ್ಲೂರಿನ ಕನ್ನಡದಲ್ಲಿ. ಪರದೆಯ ಮೇಲಿನ ತುಟಿಗೂ ಇವರ ಮಾತಿಗೂ ಕೆಲವು ಕಡೆ ಹೊಂದಿಕೆಯಾಗುತ್ತಿರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾವನ ಮಾತು, ಗಂಡನ ಮಾತು, ಆಳಿನ ಮಾತು ಎಲ್ಲವನ್ನೂ ಅವರೇ ಆಡಿದರು. ಕಂತು ಮುಗಿಯುವವರೆಗೂ ಬಿಡಲಿಲ್ಲ.

"ಹಾಂ, ಬಂದ್ಲು ನೋಡು ಈಗ" ಎಂದು ಹನುಮವ್ವ ನೆಟ್ಟಗೆ ಕೂತಳು.

ಮನೆಗೆ ಬಂದ ಮೇಲೆ ನನಗೆ ಅಳು ಬಂತು. "ನಾನು ಕಲಿಸಿದ್ದು ಸಾಲಲಿಲ್ಲವೇನೋ, ಅಮರಮ್ಮ" ಎಂದೆ. ಅವರು ತಾಯಿಗೆ ರೊಟ್ಟಿ ಮುರಿದು ಹಾಲಿಗೆ ಹಾಕುತ್ತಿದ್ದರು. ತಲೆ ಎತ್ತದೆ ಹೇಳಿದರು.

"ನೀವು ಬರಾಬರಿ ಕಲ್ಸೀರಿ, ನಾನೂ ಬರಾಬರಿ ಕಲ್ತೀನಿ. ಅದಲ್ರಿ ಮಾತು. ನಾ ಎಲ್ಲಿಯಾಕಿ ಅಂತ ಮಂದಿಗೆ ಗೊತ್ತಾಗೂದು ಬ್ಯಾಡಾಗಿತ್ತು ಅವರಿಗೆ. ಎಷ್ಟು ಕಲ್ತ್ರೂ ಅದು ಹೋಗ್ತೈತೇನ್ರಿ?"

ಎರಡು ದಿನ ಬಿಟ್ಟು ಬೆಂಗಳೂರಿಗೆ ಹೋದರು. ಉಳಿದ ಕಂತುಗಳಿಗೆ ತಮ್ಮದೇ ದನಿ ಇರಲಿ ಎಂದು ಕೇಳಿದರು. ಕೆಲಸವೆಲ್ಲ ಮುಗಿದಿದೆ, ಮುಂದಿನ ಸಲ ನೋಡೋಣ ಎಂದರಂತೆ ನಿರ್ದೇಶಕರು. "ಮುಂದಿನ ಸಲ ಮುಖ ಬೇಕಂದ್ರ ಆವಾಜೂ ತಗೋಬೇಕ್ರಿ. ಇಲ್ಲಂದ್ರ ಕರೀಬ್ಯಾಡ್ರಿ" ಎಂದು ಹೇಳಿ ಬಂದರು. ಅವರು ಕರೆಯಲಿಲ್ಲ. ಬೇರೆ ಯಾರೂ ಕರೆಯಲಿಲ್ಲ. ಅಮರಮ್ಮ ಕಂಪನಿಗೆ ಮರಳಿದರು. ಪಶ್ಚಾತ್ತಾಪವಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ನಾ ಸರಿಯಾಗೇ ಹೇಳೀನಲ್ರಿ, ಮತ್ಯಾಕ?" ಎಂದು ನನ್ನನ್ನೇ ಕೇಳಿದರು.

ಬದಲಾದವಳು ನಾನು. ಆಮೇಲೆ ನನ್ನ ತರಗತಿಯಲ್ಲಿ 'ಬಂದಾನ' ಎಂದದ್ದಕ್ಕೆ ಯಾವ ಮಗುವೂ ನಿಲ್ಲಲಿಲ್ಲ. ಪುಸ್ತಕದ ಕನ್ನಡವನ್ನು ಕಲಿಸಿದೆ, ಮನೆಯದನ್ನು ಬಿಡಿಸಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಇನ್ನೊಬ್ಬ ನಿರ್ದೇಶಕರು ಮಸ್ಕಿಗೇ ಬಂದರು. ನಿಮ್ಮ ಕಡೆಯದೇ ಹಳ್ಳಿಯ ಕಥೆ, ನೀವು ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ ಎಂದರು. ಹೆಸರನ್ನು ಮಾತ್ರ 'ಅಮೃತಾ' ಎಂದು ಮಾಡೋಣವೇ ಎಂದು ಕೇಳಿದರು. ಅಮರಮ್ಮ ಅವರಿಗೆ ಚಹಾ ಕೊಟ್ಟು, "ಅಮೃತಾನ ಹುಡಿಕ್ಯಾಡ್ರಿ ಹಂಗಾರ, ಬೆಂಗಳೂರಾಗ ಭಾಳ ಮಂದಿ ಇರ್ತಾರ" ಎಂದರು. ಹೆಸರು ಉಳಿಯಿತು. ಧಾರಾವಾಹಿಯ ಶುರುವಿನ ಹಾಡನ್ನೂ ಅವರಿಂದಲೇ ಹಾಡಿಸಿದರು. ಹನುಮವ್ವ ಕಳೆ ತೆಗೆಯುತ್ತ ಎತ್ತಿಕೊಡುತ್ತಿದ್ದ ಧಾಟಿ ಅದು. ಅಷ್ಟರಲ್ಲಿ ಮುದುಕಿ ತೀರಿಕೊಂಡು ವರ್ಷವಾಗಿತ್ತು. ಕೇಳಲು ಅವಳಿರಬೇಕಿತ್ತು ಎಂದೆ.

"ಹಾಡು ಆಕೀದರಿ," ಎಂದರು ಅಮರಮ್ಮ, "ಆಕಿಗೆ ಮತ್ತ ಕೇಳಸೂದು ಏನೈತಿ?"

ಆ ಧಾರಾವಾಹಿ ಅವರನ್ನು ಎಲ್ಲೆಲ್ಲಿಗೋ ಒಯ್ದಿತು. ಒಂದರ ಹಿಂದೆ ಒಂದು ಪಾತ್ರ, ಹಾಡಿನ ಕ್ಯಾಸೆಟ್ಟು. ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವ ಹೆಂಗಸರು ಅವರನ್ನು ಪಾತ್ರದ ಹೆಸರಿನಿಂದ ಕೂಗಿ, ಸೊಸೆಯನ್ನು ಅಷ್ಟು ಕಾಡಬಾರದು ಎಂದು ಬೈಯುತ್ತಿದ್ದರು. ಅಮರಮ್ಮ ಬುಟ್ಟಿಯ ಪಕ್ಕ ಕೂತು, ಸೊಸೆಯದು ಏನೇನು ತಪ್ಪು ಎಂದು ವಾದಿಸುತ್ತಿದ್ದರು. ಒಂದು ಸಲ ಬಸ್ಸು ತಪ್ಪಿತು, ವಾದ ಮುಗಿಯಲಿಲ್ಲ.

ಅಷ್ಟರಲ್ಲಿ ನನಗೆ ಮದುವೆಯಾಗಿ ತುಮಕೂರಿಗೆ ವರ್ಗವಾಗಿತ್ತು. ತೊಂಬತ್ತರ ದಶಕದ ಕೊನೆಗೆ ಒಂದು ತರಬೇತಿಗೆ ಬೆಂಗಳೂರಿಗೆ ಹೋದಾಗ, ಅಮರಮ್ಮ ದನಿ ಸೇರಿಸುವ ಸ್ಟುಡಿಯೋದ ವಿಳಾಸ ಕೊಟ್ಟು ಬರಹೇಳಿದರು. ಅಲ್ಲಿ ಸಣ್ಣ ಗದ್ದಲ ನಡೆದಿತ್ತು. ಬೆಂಗಳೂರಿನ ಹೊಸ ಹುಡುಗಿಯೊಬ್ಬಳು ರಾಯಚೂರು ಸೀಮೆಯ ಸೊಸೆಯ ಪಾತ್ರ ಮಾಡಿದ್ದಳು. ಅವಳ ಮಾತು ಸರಿಬರುತ್ತಿಲ್ಲ, ಅವಳದ್ದಕ್ಕೂ ನೀವೇ ದನಿ ಕೊಟ್ಟುಬಿಡಿ ಎಂದು ಅಮರಮ್ಮನನ್ನು ಕೇಳುತ್ತಿದ್ದರು. ಹುಡುಗಿ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಇಕೀ ಬಾಯಿ ಇಕೀದ," ಎಂದರು ಅಮರಮ್ಮ. "ನನಗ ನಾಕು ದಿನ ಕೊಡ್ರಿ, ನಾ ಕಲಸ್ತೀನಿ. ಆಗಲಿಲ್ಲಂದ್ರ ಮತ್ತ ನಾಕು ದಿನ ಕೊಡ್ರಿ."

ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. ನನ್ನ ಎದುರಿಗೇ ಪಾಠ ಶುರುವಾಯಿತು. 'ಮಾಡ್ತಾ ಇದ್ದೀನಿ' ಅಲ್ಲ, 'ಮಾಡಾಕತ್ತೀನಿ'. ಹುಡುಗಿ ತಪ್ಪಿದರೆ ಬೈಯಲಿಲ್ಲ, ನಗಲಿಲ್ಲ. ಮತ್ತೆ ಮತ್ತೆ ತಾವೇ ಹೇಳಿ ತೋರಿಸಿದರು. ಐದನೆಯ ದಿನ ಆ ಹುಡುಗಿ ತನ್ನ ಮಾತನ್ನು ತಾನೇ ಆಡಿದಳೆಂದು ಆಮೇಲೆ ಕಾಗದ ಬರೆದರು.

ಸ್ಟುಡಿಯೋದಿಂದ ಹೊರಟಾಗ ನನ್ನನ್ನು ಕಳಿಸಲು ಅಮರಮ್ಮ ರಸ್ತೆಯವರೆಗೂ ಬಂದರು. ಈ ಧಾರಾವಾಹಿ ಮುಗಿಸಿ ಸಿಂಧನೂರಿಗೆ, ಕಂಪನಿಗೆ ವಾಪಸು ಹೋಗುತ್ತೇನೆ ಎಂದರು. ಇಷ್ಟು ಹೆಸರು ಬಂದಿರುವಾಗ ಯಾಕೆ ಎಂದೆ.

"ಟಿವಿಯಾಗ ಮಂದಿ ನನ್ನ ನೋಡ್ತಾರ್ರಿ ಅಕ್ಕೋರ. ನಾ ಮಂದೀನ ನೋಡಂಗಿಲ್ಲ. ನನಗ ಮಂದಿ ನೋಡಬೇಕಾಗೇತಿ."

ಅದೇ ಕಡೆಯ ಭೇಟಿ. ಹೇಳಿದಂತೆ ಹೋದರು. ಎರಡು ಸುಗ್ಗಿ ಸಿಂಧನೂರಿನಲ್ಲಿ ಥೇಟರು ತುಂಬಿಸಿದರು ಎಂದು ಕೇಳಿದ್ದೆ.

ಅದರ ಮುಂದಿನ ಬೇಸಿಗೆಯಲ್ಲಿ ಶಾಲೆಯ ವಿಳಾಸಕ್ಕೆ ಕಂಪನಿಯವರ ಕಾಗದ ಬಂತು. ಎದೆನೋವಿನಿಂದ ಲಿಂಗಸೂಗೂರಿನ ದವಾಖಾನೆಗೆ ಸೇರಿಸಿದ್ದರಂತೆ, ಎರಡೇ ದಿನ. ನಾನು ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಮಡಚಿದೆ. ಮುಖ ನೋಡಿ ಪಕ್ಕದ ಟೀಚರು ಏನಾಯಿತು ಎಂದು ಕೇಳಿದರು.

"ನಮ್ಮ ಅಮರಮ್ಮ ತೀರಿಕೊಂಡಾರ್ರಿ" ಎಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ತುಮಕೂರಿನ ಆ ಶಾಲೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಾನು ತಿದ್ದಿ ಹೇಳಲು ಹೋಗಲಿಲ್ಲ.